ತಗ್ಗಿನ ಲೆಕ್ಕ

ಹದಿನೆಂಟು ಉದ್ದ, ಹನ್ನೆರಡು ಅಗಲ, ಮೂರು ಆಳ.
ಸೇಡಂ ರಸ್ತೆಯ ಈ ಜಾಗದ ಹೊಟ್ಟೆಯೊಳಗೆ
ಆರುನೂರ ನಲವತ್ತೆಂಟು ಘನ ಮೀಟರ್
ಎಂದು ಬರೆದು ಕೆಳಗೆ ಎರಡು ಗೆರೆ ಎಳೆದೆ.
ಅಗೆದ ಮಣ್ಣು ಉಬ್ಬುತ್ತದೆ, ಗೊತ್ತಿತ್ತು.
ನೂರಕ್ಕೆ ಮೂವತ್ತು ಸೇರಿಸಿದೆ,
ಟಿಪ್ಪರಿಗೆ ಆರರಂತೆ ಭಾಗಿಸಿದೆ:
ನೂರ ನಲವತ್ತೊಂದು ಖೇಪು.
ಚಂದ್ರಶಾ ಸಾಹುಕಾರರು ಕಾಗದ ಮಡಚಿ
ಔಷಧದ ಚೀಟಿಯ ಹಾಗೆ ಕಿಸೆಗಿಟ್ಟುಕೊಂಡರು.

ಲಾಡ್ಲೆಸಾಬ ಕಾಗದ ಕೇಳಲಿಲ್ಲ.
ಇನ್ನೂ ತಗ್ಗಾಗದ ನೆಲದ ಅಂಚಿಗೆ ಕುಕ್ಕರುಗಾಲಲ್ಲಿ ಕೂತು
ಒಂದು ಹೆಂಟೆ ಎತ್ತಿ, ಹಿಸುಕಿ, ಮೂಸಿ,
"ಯರಿ ಮಣ್ಣು ಬಾಯಿ, ಇದು ಮಾತು ಕೇಳಂಗಿಲ್ಲ.
ಕೆಳಗ ಏನದ ನೋಡೀರಿ?"
ನೋಡಿದ್ದೇನೆ ಅಂದೆ.
ನೋಡಿದ್ದು ಎರಡು ಮೀಟರ್.
ಪರೀಕ್ಷೆಯ ಗುಂಡಿ ಅಲ್ಲಿಗೇ ನಿಂತಿತ್ತು,
ಬಿಸಿಲು ನಲವತ್ಮೂರು, ಅಗೆಯುವ ಹಣಮವ್ವ
ಸೆರಗಿನಿಂದ ಮುಖ ಒರೆಸಿ ನನ್ನನ್ನೇ ನೋಡುತ್ತಿದ್ದಳು.
"ಸಾಕು" ಅಂದದ್ದು ನಾನೇ.

ಅವನ ಲೆಕ್ಕ ಪ್ಲಾಸ್ಟಿಕ್ ಬಾಟಲಿಯಲ್ಲಿ:
ಖೇಪಿಗೊಂದು ತೊಗರಿಕಾಳು.

ಮೊದಲ ಅರ್ಧ ಮೀಟರ್ ಯಾರದೋ ಮನೆ.
ಇಟ್ಟಿಗೆ ಚೂರು, ಹಸಿರು ಬಳೆ, ಬಾಗಿಲಿನ ಕೊಂಡಿ.
ಆಮೇಲೆ ಒಂದೂವರೆ ಮೀಟರ್ ಕಪ್ಪು,
ಜೆಸಿಬಿಯ ಹಲ್ಲಿಗೆ ಅಂಟಿ ಬಿಡದ ಕಪ್ಪು,
ಟಿಪ್ಪರಿಗೆ ಬಿದ್ದ ಕೂಡಲೇ ಮೈ ಬಿಚ್ಚಿ
ಒಳಗಿದ್ದುದಕ್ಕಿಂತ ದೊಡ್ಡದಾಗುವ ಕಪ್ಪು.
ಇನ್ನೊಂದು ಮೀಟರ್ ಇದೆ ಅನ್ನುವಾಗ
ಠಣ್.

ಹಾಸುಗಲ್ಲು. ಪದರದ ಮೇಲೆ ಪದರ,
ಅಜ್ಜಿಯ ಪಡಸಾಲೆಯಲ್ಲಿ ನನ್ನ ಬರಿಗಾಲಿಗೆ
ತಂಪಾಗಿದ್ದ ಅದೇ ಶಹಾಬಾದಿ.
ಒಡೆದರೆ ಅದು ಮಣ್ಣಿನ ಹಾಗೆ ಒತ್ತಿ ಕೂರುವುದಿಲ್ಲ,
ಮೊಣಕೈ ಚಾಚುತ್ತದೆ, ನಡುನಡುವೆ ಗಾಳಿಗೂ ಸೀಟು ಹಿಡಿಯುತ್ತದೆ.
ಆರು ಹಿಡಿಯುವ ಟಿಪ್ಪರು ಐದಕ್ಕೇ ತುಂಬಿತು.

ಶನಿವಾರ ಸಂಜೆ ಬಾಟಲಿ ಸುರಿದ.
ನೂರ ಅರವತ್ನಾಲ್ಕು.

ಸಾಹುಕಾರರು ಕಿಸೆಯ ಕಾಗದ ತೆಗೆದರು.
"ಇಪ್ಪತ್ಮೂರು ಖೇಪು ಎಲ್ಲಿಂದ ಬಂದ್ವು?
ತಗ್ಗು ಅಷ್ಟೇ ಅದ. ಮಣ್ಣೇನು ಮರಿ ಹಾಕ್ತದ?"
ನೋಡಿದ್ದು ಲಾಡ್ಲೆಸಾಬನ ಕಡೆ.
ಅವನು ಕಾಳುಗಳನ್ನು ಹತ್ತು ಹತ್ತರ ಗುಂಪು ಮಾಡುತ್ತಲೇ ಇದ್ದ.
ನಾನೂ ಸುಮ್ಮನಿದ್ದೆ, ಎರಡು ನಿಮಿಷ ಇರಬಹುದು.
ಅದನ್ನು ಯಾವ ಸಾಲಿಗೆ ಬರೆಯಬೇಕೋ ಇನ್ನೂ ತಿಳಿದಿಲ್ಲ.

ಆಮೇಲೆ ಸಿಮೆಂಟಿನ ಚೀಲದ ಮೇಲೆ ಬರೆದೆ:
ಹಳೇ ಮನೆ ಉಬ್ಬಿದ್ದು ನೂರಕ್ಕೆ ಇಪ್ಪತ್ತು,
ಯರಿ ಮೂವತ್ತೈದು, ಕಲ್ಲು ಅರವತ್ತು.
ಕಲ್ಲಿಗೆ ಐದರಂತೆ, ಉಳಿದದ್ದಕ್ಕೆ ಆರರಂತೆ.
ನೂರ ಅರವತ್ಮೂರು, ಮೇಲೆ ಅರ್ಧಕ್ಕಿಂತ ತುಸು ಹೆಚ್ಚು.
"ಕೊನೀ ಖೇಪು ತುಂಬಿದ್ದಿಲ್ಲ"
ಅಂದ ಲಾಡ್ಲೆಸಾಬ, ತಲೆ ಎತ್ತದೆ.
"ಗುಂಡಿ ಪೂರಾ ಅಗಿಸಲಿಲ್ಲ, ತಪ್ಪು ನನ್ನದು" ಅಂದೆ.
ಸಾಹುಕಾರರು ಕೊಟ್ಟರು, ಎರಡು ಸಲ ಎಣಿಸಿ.

ಅವನು ಕಾಳು ಬಾಚಿ ಮುಷ್ಟಿಯಲ್ಲಿ ಹಿಡಿದ.
"ಇಷ್ಟೂ ಕುದಿಸಿದ್ರೂ ಒಬ್ಬಂಗ ಬ್ಯಾಳಿ ಆಗಂಗಿಲ್ಲ.
ನೆನೆಸಿಟ್ರ ಬ್ಯಾರೆ ಮಾತು."
ನಗಬೇಕೋ ಏನೋ, ಗೊತ್ತಾಗಲಿಲ್ಲ.

ಮಣ್ಣು ಈಗ ರಿಂಗ್ ರೋಡಿನಾಚೆ
ಇನ್ನಾರದೋ ತಗ್ಗಿನಲ್ಲಿದೆ.
ಕೂರಲು ಎರಡು ಮಳೆಗಾಲ ಬೇಕು,
ಕೂತರೂ ಮೊದಲಿನಷ್ಟು ಚಿಕ್ಕದಾಗಲಾರದು.
ಖಾಲಿ ತಗ್ಗಿನ ತಳದಲ್ಲಿ
ಪುಟ್ಟಿ ಬೋರಲು ಹಾಕಿ ಕೂತ ಹಣಮವ್ವ
ಕಲ್ಲಿನ ನೆರಳಿನಿಂದ ಕೂಗಿದಳು:
"ಈಗಾರ ಸಾಕೇನ್ರಿ ಬಾಯಿ?"

ಟೇಪಿನ ತುದಿ ಕೆಳಗೆ ಬಿಟ್ಟೆ.
ಹಿಡಿ ಅಂದೆ.