ಒಂದು ಣ ಹೆಚ್ಚು

ಪೆನ್ಷನ್ ಮೊಹಲ್ಲಾದ ನನ್ನ ಗುಜರಿಯಲ್ಲಿ
ಕಾಗದಕ್ಕೆ ಒಂದೇ ದರ, ಕಿಲೋಗೆ ಹದಿನಾಲ್ಕು.
ಲಗ್ನಪತ್ರಿಕೆ, ಉತ್ತರಪತ್ರಿಕೆ, ಮುಗಿದುಹೋದ ಕೋರ್ಟು ಕೇಸು
ತಕ್ಕಡಿ ಏರಿದ ಮೇಲೆ ಎಲ್ಲ ಒಂದೇ ಜಾತಿ.
ಅಪ್ಪ ಇದರಲ್ಲೇ ಆಲೂಗಡ್ಡೆ ತೂಗುತ್ತಿದ್ದ;
ತೇವ ತಾಗಿದರೆ ಈಗಲೂ ಮಣ್ಣಿನ ವಾಸನೆ.

ಧರಣೇಂದ್ರಯ್ಯ ಬರುವುದು ಮಂಗಳವಾರ.
ಟ್ರೆಜರಿಯಲ್ಲಿ ಮೂವತ್ತೊಂದು ವರ್ಷ ಸವೆಸಿದವರು.
ಕೊಡೆ, ಭೂತಗನ್ನಡಿ, ಹುಬ್ಬು ಕೀಳುವಂಥದೊಂದು ಚಿಮಟ.
ಹೊತ್ತು ಮುಳುಗುವ ಮುಂಚೆ ಊಟಕ್ಕೆ ಮನೆ ಸೇರಬೇಕು,
ಹಾಗಾಗಿ ಮಾತು ಕಮ್ಮಿ.
ರಸೀದಿ ಕಟ್ಟು ಬಿಚ್ಚುತ್ತಾರೆ, ಕಡಲೆಕಾಯಿ ಸುಲಿದ ಹಾಗೆ:
ಸಿಪ್ಪೆ ನನಗೆ, ಬೀಜ ಅವರಿಗೆ.

'ಚೆನ್ನಾಗಿರೋದು ಬೇಡ ಪಾಷಾ, ಕೆಟ್ಟದ್ದು ತೆಗೆದಿಡು.
ಬಣ್ಣ ಜಾರಿದ್ದು, ಹಲ್ಲು ತಪ್ಪಿದ್ದು,
ಬೆನ್ನಿಗೂ ಮುದ್ರೆ ಬಿದ್ದದ್ದು.'
ಸರ್ಕಾರ ತೂಕಡಿಸಿದ ಅರೆಗಳಿಗೆಗಳೆಲ್ಲ
ಅವರ ಆಲ್ಬಮ್ಮಿನಲ್ಲಿ ಕಣ್ಣು ಬಿಟ್ಟು ಕೂತಿವೆ.

ಆವತ್ತು ಬಂದದ್ದು ಕಾಫಿ ಕ್ಯೂರಿಂಗಿನ ಹಳೇ ಬಟವಾಡೆ ಪುಸ್ತಕ.
ಬೀಜ ಆರಿಸುತ್ತಿದ್ದ ಹೆಂಗಸರು, ಹೆಸರಿಗೊಂದು ಸಾಲು,
ಸಾಲಿಗೊಂದು ಹತ್ತು ಪೈಸೆ ಸ್ಟಾಂಪು,
ಸ್ಟಾಂಪಿಗೊಂದು ಹೆಬ್ಬೆಟ್ಟು.
ನಲವತ್ತೇಳನೇ ಪುಟದಲ್ಲಿ ಧರಣೇಂದ್ರಯ್ಯ ಉಸಿರು ಹಿಡಿದರು.
ಜವರಮ್ಮ, ಇಪ್ಪತ್ಮೂರು ರೂಪಾಯಿ ನಲವತ್ತು ಪೈಸೆ.
ಸ್ಟಾಂಪಿದೆ, ಬಣ್ಣವಿದೆ, ಸುತ್ತ ಅಂಚಿದೆ,
ಹತ್ತು ಅಂತ ಇರಬೇಕಾದಲ್ಲಿ ಬರೀ ಬಿಳಿ.
ಬೆಲೆಯೇ ಅಚ್ಚಾಗಿಲ್ಲ.

ಅದಕ್ಕೇ ಬೆಲೆಯಂತೆ.

ನಾನು ನೋಡಿದ್ದು ಹೆಬ್ಬೆಟ್ಟು. ನೇರಳೆ ಶಾಯಿ,
ನಡುವೆ ಅಡ್ಡಕ್ಕೊಂದು ಗೀರು, ಹಳೇ ಗಾಯ ಇರಬೇಕು.
ಬೆಳಗಿಂದ ಬೈಗಿನವರೆಗೆ ಕೆಟ್ಟ ಕಾಳು ಹೆಕ್ಕಿ ಹೆಕ್ಕಿ
ತಪ್ಪು ಹಿಡಿಯುವುದೇ ಕೂಲಿಯಾದವಳು
ತನ್ನ ಬೆರಳಡಿಯ ತಪ್ಪು ನೋಡಲಿಲ್ಲ.
ಮೇಸ್ತ್ರಿ ನೋಡಲಿಲ್ಲ. ಆಡಿಟಿನವನು ನೋಡಿ
ಕೆಂಪಗೆ ಟಿಕ್ಕು ಹಾಕಿದ್ದಾನೆ.
ಯಾರಾದರೂ ನೋಡಿದ್ದರೆ ಅವಳ ದುಡ್ಡು
ಇನ್ನೊಂದು ವಾರಕ್ಕೆ ಹೋಗುತ್ತಿತ್ತು.

'ನೀರಲ್ಲಿ ನೆನೆಸಿ ಬಿಡಿಸ್ತೀರಾ?'
'ಹೆಬ್ಬೆಟ್ಟು ಹೋಗುತ್ತಲ್ಲಪ್ಪ' ಅಂದು
ಇಡೀ ಹಾಳೆಯನ್ನೇ ಬ್ಲೇಡಿನಲ್ಲಿ ಬಿಡಿಸಿಕೊಂಡರು.
ತೂಗು ಅಂದರು. ಒಂದು ಹಾಳೆಗೆ ತಕ್ಕಡಿ ಅಲ್ಲಾಡಲಿಲ್ಲ.
ಸುಮ್ಮನೆ ಹೋಗಿ ಸ್ವಾಮಿ, ಅಂದೆ.

ನನ್ನದೂ ಒಂದು ಅಚ್ಚಿನ ತಪ್ಪಿದೆ.
ರೇಷನ್ ಕಾರ್ಡಿನಲ್ಲಿ ನಾನು ಇಮ್ದಾದ್ ಪಾಷಾಣ.
ಯಾವ ಕಂಪ್ಯೂಟರಿನ ಮೇಲೆ ಯಾರ ಬೆರಳು ಜಾರಿತೋ,
ಒಂದು ಣ ಹೆಚ್ಚು, ಮನುಷ್ಯ ವಿಷ.
ತಾಲ್ಲೂಕು ಕಚೇರಿಗೆ ಹನ್ನೊಂದು ಸಲ ಹೋದೆ.
ಅಫಿಡವಿಟ್ಟು ತಾ, ಫೋಟೊ ತಾ, ಸರ್ವರ್ ಇಲ್ಲ,
ಗುರುವಾರ ಬಾರಪ್ಪ ಪಾಷಾಣ, ಅಂತ ಕಿಟಕಿಯೊಳಗೆ ಕಿಸಿಕಿಸಿ.
ಧರಣೇಂದ್ರಯ್ಯನವರಿಗೂ ತೋರಿಸಿದೆ. ಭೂತಗನ್ನಡಿ ಇಟ್ಟು,
ತಿರುಗಿಸಿ, ಬೆಳಕಿಗೆ ಹಿಡಿದು, ಮರ್ಯಾದೆಯಿಂದಲೇ ನೋಡಿದರು.
'ಇದು ಸಿಕ್ಕಾಪಟ್ಟೆ ಸಿಗುತ್ತೆ ಕಣಯ್ಯ.
ಅಪರೂಪ ಅಲ್ಲ.'

ಮೂರು ತಿಂಗಳ ಮೇಲೆ, ಮಂಗಳವಾರವಲ್ಲದೊಂದು ಸಂಜೆ,
ಒಂದು ಕಣ್ಣಿಗೆ ಹಸಿರು ಪಟ್ಟಿ ಕಟ್ಟಿಕೊಂಡು ಬಂದರು.
ಪೊರೆ ತೆಗೆಸಬೇಕಿತ್ತಂತೆ, ಕೊಟ್ಟುಬಿಟ್ಟರಂತೆ,
ಕೊಯಮತ್ತೂರಿನ ಯಾರಿಗೋ.
ಜವರಮ್ಮನನ್ನು ವಿಚಾರಿಸಿದರಂತೆ;
ಕ್ಯೂರಿಂಗಿದ್ದ ಜಾಗದಲ್ಲಿ ಕಲ್ಯಾಣಮಂಟಪ, ವಾಚ್‌ಮನ್ ಹೊಸಬ.
'ನಿನ್ನ ಪಾಲು ಆರು ಸಾವಿರ. ಎಣಿಸಿಕೋ.
ಐದು ದಾಟಿತಲ್ಲ, ರಸೀದಿಗೆ ಸ್ಟಾಂಪು ಬೇಕು.'

ಒಂದು ರೂಪಾಯಿಯದು, ನಾಲಿಗೆಗೆ ಒತ್ತಿ ಅಂಟಿಸಿದರು.
ಅಭ್ಯಾಸಬಲ, ಇಬ್ಬರೂ ಬಗ್ಗಿ ನೋಡಿದೆವು.
ಅಂಕಿ ಇತ್ತು. ಹಲ್ಲು ನೆಟ್ಟಗಿತ್ತು. ಬಣ್ಣ ಗೆರೆ ದಾಟಿರಲಿಲ್ಲ.
ಅರ್ಧ ಸ್ಟಾಂಪಿನ ಮೇಲೆ, ಅರ್ಧ ಕಾಗದದ ಮೇಲೆ
ಸಹಿ ಎಳೆದೆ. ಷಾ ಬರೆದು
ಕೈ ನಿಂತಿತು.

'ಬೇಗ,' ಅಂದರು, 'ಹೊತ್ತು ಮುಳುಗುತ್ತೆ.'