ಒಂಬತ್ತರಲ್ಲಿ ಎರಡು ದಾರಿ

ಪುಣೆಯ ಧನಕವಡಿ, ಮೂರನೇ ಮಹಡಿ, ಕರಿಬೇವಿನ ಕುಂಡ.
ಚಿಟ್ಟೆಗೆಂದು ಹನ್ನೊಂದು ದಿನ ಕಾದಿದ್ದೆ.
ಕೋಶದ ಪಕ್ಕೆಯಲ್ಲಿ ಸಾಸಿವೆ ತೂರುವಷ್ಟು ತೂತು;
ಹೊರಬಂದದ್ದು ಇದು,
ಅಕ್ಕಿಕಾಳುದ್ದದ ಕಪ್ಪು, ಕಾಲಿಗೆ ಅರಿಶಿನ.

ಸೋಹೋನಿ ಬಾಯಿ ಮಸೂರದಡಿ ಹೊರಳಿಸುತ್ತಾರೆ,
ಮೀಸೆಯ ಗೆಣ್ಣುಗಳನ್ನು ಮರಾಠಿಯಲ್ಲಿ ಎಣಿಸುತ್ತಾರೆ:
ಅಕರಾ, ಬಾರಾ, ತೇರಾ.
ಹಿಂಗಾಲ ತೊಡೆ ಉಬ್ಬಿದೆಯೇ? ನಾಲ್ಕಕ್ಕೆ ಹೋಗಿ.
ಅಂಚಿಗೆ ಹಲ್ಲುಗಳುಂಟೇ? ಒಂಬತ್ತಕ್ಕೆ.
ಒಂಬತ್ತರಲ್ಲಿ ಎರಡು ದಾರಿ.
ಎರಡೂ ಇದರದಲ್ಲ.
ಮತ್ತೆ ಒಂದರಿಂದ. ಚಹಾ ಆರಿತು.

ಇಂಡಿಯ ಅಜ್ಜಿ ಅನ್ನುತ್ತಿದ್ದಳು:
"ಕಣಜಾನ ನೆನಸಿ ನೆನಸಿ ಹುಳ ಕಣಜಾಗತೈತಿ, ತಂಗಿ,
ನೀನೂ ಹಂಗ ದೇವರನ್ನ ನೆನಸು."
ಬಾಯಿಗೆ ಅದನ್ನು ಮರಾಠಿಗಿಳಿಸಿ ಹೇಳಿದೆ.
ಕಣ್ಣೆತ್ತಲಿಲ್ಲ ಅವರು.
"ನೆನೆದದ್ದು ಗೊತ್ತಿಲ್ಲ. ಒಳಗಿಂದ ತಿಂದಿದೆ."
ನಮ್ಮಲ್ಲಿ ಕಾಳು ತುಂಬಿಡುವುದಕ್ಕೂ
ಕಣಜವೆಂದೇ ಹೆಸರು. ಅದನ್ನು ಹೇಳಲಿಲ್ಲ.

ಮುಕ್ಕೋನ ಕಾಗದದ ತುದಿ, ಒಂದು ಹನಿ ಅಂಟು,
ಅದರ ಮೇಲೆ ಇದು, ಹಾರುವ ಹಾಗೆ.
ಕೆಳಗೆ ಇರುವೆಗಾತ್ರದ ಅಕ್ಷರ:
ಊರು, ತಾರೀಖು, ಹಿಡಿದವಳು ನಾನು.
ಕುಲ ಶಾಯಿಯಲ್ಲಿ.
ಪ್ರಭೇದದ ಜಾಗದಲ್ಲಿ ಪೆನ್ಸಿಲ್ಲಿನ ಪ್ರಶ್ನೆ.
ಕಡೆಯ ಸಾಲಿಗೆ ಹಾರದ ಚಿಟ್ಟೆಯ ಹೆಸರು,
ಪಕ್ಕದಲ್ಲಿ:
ಆತಿಥೇಯ.