ಹಿಂದಿನ ಕೋಣೆ

ಬರ್ಕಾದ ಈಚೆ, ಹೆದ್ದಾರಿಗೂ ಕಡಲಿಗೂ ನಡುವೆ
ಖಲ್ಫಾನನ ಬಾವಿ.
ಎತ್ತು ಎಳೆಯುವ ಕಾಲ ಹೋಗಿ ಪಂಪು ಬಂತು,
ಪಂಪು ಜಗ್ಗಿದಷ್ಟೂ ಕಡಲು ನೆಲದಡಿಯಿಂದ
ಸದ್ದಿಲ್ಲದೆ ಒಳಗೆ ಬಂತು.
ಈಗ ಆ ನೀರಲ್ಲಿ ಚಹಾ ಕಾಸಿದರೆ ಹಾಲು ಒಡೆಯುತ್ತದೆ.
ಖರ್ಜೂರದ ಮರಗಳು ತಲೆ ಕಳಕೊಂಡು ನಿಂತಿವೆ,
ತಂತಿ ಇಲ್ಲದ ಕಂಬಗಳ ಹಾಗೆ.

ಪಕ್ಕದ ಹೊಲದಲ್ಲಿ ನಮ್ಮ ಕೇಂದ್ರ.
ಬಲೆ ಹೊದ್ದ ಮನೆ, ಎರಡೆರಡು ಬಾಗಿಲು.
ನಾನು ಬಂಡೆಪ್ಪ, ಭಾಲ್ಕಿಯವನು,
ಇಲ್ಲಿ ಎಲ್ಲರ ಬಾಯಲ್ಲೂ ಬಂದಬ್ಬ.
ಅರಬ್ಬಿಯಲ್ಲಿ ಪಕಾರವಿಲ್ಲ; ಹನ್ನೊಂದು ವರ್ಷದಿಂದ
ನನ್ನ ಹೆಸರಿನ ಪ್ಪ ಭಾಲ್ಕಿ ಬಸ್ ಸ್ಟ್ಯಾಂಡಿನಲ್ಲೇ ಕೂತಿದೆ.
ಕೆಲಸ: ಗಿಡಕ್ಕೆ ಉಪ್ಪು ನೀರು ಹಾಕುವುದು, ಬರೆದಿಡುವುದು.

ನಮ್ಮ ಕಡೆ ಸೋಯಾ ಬೆಳೆಯುತ್ತೇವೆ, ತಿನ್ನುವುದಿಲ್ಲ.
ರಾಶಿ ಮಾಡಿ, ಚೀಲ ತುಂಬಿ, ಗಿರಣಿಗೆ ಹಾಕಿ
ಚೀಟಿ ತಗೊಂಡು ಮನೆಗೆ ಬರುತ್ತೇವೆ.
ಆ ಕಾಳಿನೊಳಗೆ ಇಂಥದ್ದೊಂದು ಬರಹ ಇತ್ತೆಂದು
ಡಾಕ್ಟರ್ ರಯ್ಯಾ ಪರದೆಯ ಮೇಲೆ ತೋರಿಸಿದ ದಿನ
ನಾಚಿಕೆಯಾಯಿತು,
ಪಕ್ಕದ ಮನೆಯವನು ಹಾಡುಗಾರನೆಂದು
ಅವನು ಊರು ಬಿಟ್ಟ ಮೇಲೆ ತಿಳಿದ ಹಾಗೆ.

ಆ ಬರಹವನ್ನು ಟೊಮೆಟೊಗೆ ದಾಟಿಸಿದ್ದು ಒಂದು ಬ್ಯಾಕ್ಟೀರಿಯಾ.
ನನ್ನನ್ನು ದಾಟಿಸಿದ್ದು ಹುಮನಾಬಾದಿನ ಏಜೆಂಟ.
ಇಬ್ಬರಲ್ಲಿ ಅದೇ ವಾಸಿ; ಕಮಿಷನ್ ಕೇಳಲಿಲ್ಲ.

ಡಾಕ್ಟರು ಹೇಳಿದ್ದರಲ್ಲಿ ನನಗೆ ತಿಳಿದದ್ದು ಇಷ್ಟು:
ಗಿಡ ಉಪ್ಪನ್ನು ಬಾಗಿಲಲ್ಲೇ ತಡೆಯುವುದಿಲ್ಲ.
ಒಳಗೆ ಬಿಟ್ಟು, ಕೈಹಿಡಿದು ನಡೆಸಿ,
ಒಂದೊಂದು ಜೀವಕೋಶದಲ್ಲೂ ಇರುವ ಹಿಂದಿನ ಕೋಣೆಗೆ ತಳ್ಳಿ
ಅಗುಳಿ ಹಾಕುತ್ತದೆ.
ಅಡುಗೆಮನೆಯಲ್ಲಿ ಒಲೆ ಉರಿಯುತ್ತಲೇ ಇರುತ್ತದೆ.

ಉಪ್ಪು ತಿಂದವನು ನೀರು ಕುಡಿಯಲೇಬೇಕು ಅಂತಾರೆ.
ಇದಕ್ಕೆ ಉಪ್ಪೂ ಅದೇ ಬಟ್ಟಲು, ನೀರೂ ಅದೇ ಬಟ್ಟಲು.
ಗಾದೆ ಕಟ್ಟಿದವರು ಬರ್ಕಾ ನೋಡಿರಲಿಲ್ಲ.

ನಲವತ್ತು ದಿನ ಖಲ್ಫಾನನ ಬಾವಿಯ ನೀರೇ ಹಾಕಿದೆವು.
ಮೊಫಿಜುಲ್ ಕ್ಯಾನು ಹೊತ್ತ, ನಾನು ಅಳೆದೆ.
ಹನ್ನೆರಡನೇ ದಿನ ಸಾದಾ ಸಾಲಿನ ಎಲೆಯಂಚು ಸುಟ್ಟಿತು,
ಇಪ್ಪತ್ತಕ್ಕೆ ಮುದುಡಿ ಹಪ್ಪಳ.
ಸೋಯಾ ಸಾಲಿನ ಇಪ್ಪತ್ನಾಲ್ಕರಲ್ಲಿ ಒಂಬತ್ತು ನಿಂತವು.
ಒಂಬತ್ತೇ. ಹಣ್ಣು ನೆಲ್ಲಿಕಾಯಿ ಗಾತ್ರ.
ವರದಿಯಲ್ಲಿ ಆಶಾದಾಯಕ ಎಂದು ಬರೆದರು;
ಮೊಫಿಜುಲ್ ಖಾಲಿ ಕ್ಯಾನು ಬಾರಿಸಿ ಕುಣಿದ.

ಖಲ್ಫಾನ್ ಬಲೆಯಾಚೆ ಬಂದು ನಿಂತ, ಬೆತ್ತ ಊರಿ.
ಬಂದಬ್ಬ, ನನ್ನ ನೀರು ಕುಡಿದ ಗಿಡ. ಒಂದು ಹಣ್ಣು ಕೊಡು.
ಕೊಡುವಂತಿಲ್ಲ. ಬೀಜ ಡಾಕ್ಟರ ಕಪಾಟಿಗೆ; ಉಳಿದದ್ದು,
ತಿರುಳು, ಕಾಂಡ, ಬೇರಿಗಂಟಿದ ಮರಳೂ ಸೇರಿ
ಎಣಿಸಿ, ತೂಗಿ, ಸುಡಬೇಕು. ಕೆಳಗೆ ನನ್ನ ಸಹಿ.
ನಿಯಮ ಸರಿಯೆಂದು ಗೊತ್ತು.
ಗೊತ್ತಿದ್ದೂ ಮುಖವೆತ್ತಲಾಗಲಿಲ್ಲ;
ಅವನ ಮನೆಯ ಉಪ್ಪು ತಿಂದವನು ನಾನು,
ಹನ್ನೊಂದು ರಂಜಾನಿನ ಸಂಜೆ ರೊಟ್ಟಿ, ಮಜ್ಜಿಗೆ, ಜೇನು.

ಅವನು ಬಯ್ಯಲಿಲ್ಲ. ಬಲೆಗೆ ಮೂಗು ಒತ್ತಿ
ಟೊಮೆಟೊ ಎಲೆಯ ಆ ಕಟು ಹಸಿರು ವಾಸನೆಯನ್ನು
ಎಳೆದುಕೊಂಡ, ಎರಡು ಸಲ.
ವಾಸನೆಯ ಬಗ್ಗೆ ನಿಯಮದಲ್ಲಿ ಏನೂ ಇರಲಿಲ್ಲ.

ಕುಲುಮೆ ತಣಿದ ಮೇಲೆ ಬೂದಿ ಕೆದಕಿದೆ.
ಬೆರಳಿಗೆ ಹರಳು ಹತ್ತಿತು, ಬಿಳಿ:
ಕೋಣೆ ಸುಟ್ಟಿತ್ತು, ಅಗುಳಿ ಸುಟ್ಟಿತ್ತು,
ಕೂಡಿಟ್ಟದ್ದು ಹಾಗೇ ಇತ್ತು.
ತೂಕ ಬರೆದೆ. ಮೂಲ ಎಂಬ ಕಲಮಿನಲ್ಲಿ
ಮೊದಲೇ ಅಚ್ಚಾಗಿತ್ತು, ಸೋಯಾ ಎಂದು.
ಅದರ ಪಕ್ಕ, ಇಲ್ಲಿ ಯಾರೂ ಓದಲಾರದ ಕನ್ನಡದಲ್ಲಿ, ಗೀಚಿದೆ:
ನೀರು ಖಲ್ಫಾನನದು.